ಆರಡಿ ಉಪ್ಪುನೀರಿನ ಟ್ಯಾಂಕಿನಲ್ಲಿ ಯಾರ ಜೊತೆ ಯಾರು ಬಾಳುತ್ತಾರೆ?

ಪ್ರಶ್ನೆ: ಸರ್, ಎಂಟು ವರ್ಷದಿಂದ ಮನೆಯಲ್ಲಿ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಈ ವರ್ಷ ಧೈರ್ಯ ಮಾಡಿ ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಮಾಡಿಸಿದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ), ಸ್ಕಿಮ್ಮರ್ (ನೊರೆಯಲ್ಲಿ ಗಲೀಜು ತೆಗೆಯುವ ಯಂತ್ರ), ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಎಲ್ಲ ಇದೆ. ನೀರು ಹದಕ್ಕೆ ಬರಲಿ ಅಂತ ಅಂಗಡಿಯವರು ಐದು ನೀಲಿ ಡ್ಯಾಮ್ಸೆಲ್ ಹಾಕಿಸಿದರು. ಎರಡು ತಿಂಗಳಲ್ಲಿ ಮೂರು ಉಳಿದಿವೆ. ಹೋದ ವಾರ ಮಗಳಿಗೋಸ್ಕರ ಒಂದು ಜೋಡಿ ಕ್ಲೌನ್‌ಫಿಶ್ ತಂದೆ. ಡ್ಯಾಮ್ಸೆಲ್‌ಗಳು ಅಟ್ಟಾಡಿಸಿ ಅವುಗಳ ರೆಕ್ಕೆ ಹರಿದಿವೆ. ಎರಡೂ ಪೈಪಿನ ಹಿಂದಿನ ಮೂಲೆ ಬಿಟ್ಟು ಬರುತ್ತಿಲ್ಲ. ಮುಂದೆ ಬ್ಲೂ ಟ್ಯಾಂಗ್, ಯೆಲ್ಲೋ ಟ್ಯಾಂಗ್, ಲಯನ್‌ಫಿಶ್, ಎಂಪರರ್ ಏಂಜೆಲ್, ಮೂರಿಶ್ ಐಡಲ್, ಮ್ಯಾಂಡರಿನ್ ಹಾಕಬೇಕೆಂದಿದ್ದೇನೆ. ಲಯನ್‌ಫಿಶ್‌ಗೆ, ಎಂಪರರ್‌ಗೆ ಅಡ್ವಾನ್ಸ್ ಕೂಡ ಕೊಟ್ಟಾಗಿದೆ. ಅಂಗಡಿಯಲ್ಲಿ ಎಲ್ಲವೂ ಒಂದೇ ಕಡೆ ಚೆನ್ನಾಗಿಯೇ ಇವೆ. ಟ್ಯಾಂಕ್ ದೊಡ್ಡದಿದ್ದರೆ ಜಗಳ ಇರಲ್ಲ ಅಂತಾರೆ. ನಿಜವಾ? ಒಟ್ಟು ಎಷ್ಟು ಮೀನು ಹಾಕಬಹುದು? ಗೋಕರ್ಣದ ಕಡೆಯ ಪರಿಚಯದವರೊಬ್ಬರು ಹವಳದ ಕಲ್ಲು ತಂದುಕೊಡುತ್ತೇನೆ ಅಂದಿದ್ದಾರೆ. ಅದನ್ನು ಹಾಕಬಹುದಾ?

ಉತ್ತರ: ನಿಮ್ಮ ಪಟ್ಟಿಯ ವಿಷಯ ಆಮೇಲೆ ನೋಡೋಣ. ಪೈಪಿನ ಹಿಂದೆ ನಿಂತಿರುವ ಆ ಎರಡು ಕ್ಲೌನ್‌ಫಿಶ್‌ಗಳದು ಇವತ್ತಿನ ಕೆಲಸ. ಅಡುಗೆಮನೆಯಲ್ಲಿ ತೂತು ತೂತಿನ ಪ್ಲಾಸ್ಟಿಕ್ ಬುಟ್ಟಿ ಇರುತ್ತದಲ್ಲ, ತರಕಾರಿ ತೊಳೆಯೋದು, ಅಂಥದ್ದೊಂದು ಹೊಸದು ತನ್ನಿ. ಕ್ಲೌನ್‌ಗಳನ್ನು ಅದರೊಳಗೆ ಬಿಟ್ಟು, ಬುಟ್ಟಿಯನ್ನು ಟ್ಯಾಂಕಿನ ಅಂಚಿಗೆ ಕಟ್ಟಿ ತೇಲಿಬಿಡಿ. ಮೇಲೆ ಬಲೆ ಮುಚ್ಚಿ. ನೀರು ಅದೇ, ಆದರೆ ಏಟು ಬೀಳಲ್ಲ. ದಿನಕ್ಕೆ ಮೂರು ಸಲ ಚೂರು ಚೂರು ಆಹಾರ ಕೊಡಿ. ರೆಕ್ಕೆಯ ಬುಡಕ್ಕೆ ಗಾಯ ಆಗದೆ ಅಂಚು ಮಾತ್ರ ಹರಿದಿದ್ದರೆ ಎರಡು ಮೂರು ವಾರದಲ್ಲಿ ತಾನಾಗಿ ಬೆಳೆಯುತ್ತದೆ.

ಆಮೇಲೆ ಡ್ಯಾಮ್ಸೆಲ್‌ಗಳನ್ನು ಹೊರಗೆ ತೆಗೆಯಬೇಕು. ಬೇರೆ ದಾರಿ ಇಲ್ಲ. ಬಲೆ ಹಿಡಿದು ಆರಡಿ ಟ್ಯಾಂಕಿನಲ್ಲಿ ಅವನ್ನು ಅಟ್ಟಲು ಹೋಗಬೇಡಿ. ಕಲ್ಲೆಲ್ಲ ಬೀಳುತ್ತದೆ, ಮೀನು ಸಿಗಲ್ಲ. ನಾನು ಮಾಡುವ ರೀತಿ ಹೇಳುತ್ತೇನೆ. ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ತೆಗೆದುಕೊಂಡು ಚೆನ್ನಾಗಿ ತೊಳೆಯಿರಿ. ಕುತ್ತಿಗೆ ಅಗಲವಾಗುವ ಜಾಗದಲ್ಲಿ ಕತ್ತರಿಸಿ, ಆ ತುಂಡನ್ನು ತಿರುಗಿಸಿ ಬಾಟಲಿಯೊಳಗೇ ಕೂರಿಸಿ, ಆಲಿಕೆ ಇಟ್ಟ ಹಾಗೆ. ಬಾಟಲಿ ಬಾಯಿ ಕಿರಿದಾಗಿದ್ದರೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಕತ್ತರಿಸಿ ಅಗಲ ಮಾಡಿ. ಬಿಸಿ ಮೊಳೆಯಿಂದ ಸುತ್ತಲೂ ಹತ್ತಿಪ್ಪತ್ತು ತೂತು ಹಾಕಿ. ಒಳಗೆ ಒಂದು ಹಿಡಿ ಮರಳು, ಚೂರು ಹಸಿ ಸಿಗಡಿ. ಹಿಂದಿನ ದಿನ ಟ್ಯಾಂಕಿಗೆ ಆಹಾರ ಹಾಕಬೇಡಿ. ಬೆಳಿಗ್ಗೆ ಬಾಟಲಿಯನ್ನು ಡ್ಯಾಮ್ಸೆಲ್‌ಗಳು ಕಾಯುವ ಕಲ್ಲಿನ ಹತ್ತಿರವೇ ಮಲಗಿಸಿ, ಹಿಂದೆ ಸರಿದು ಕುಳಿತುಕೊಳ್ಳಿ. ಎಲ್ಲಕ್ಕಿಂತ ಜೋರಾದದ್ದೇ ಸಾಮಾನ್ಯವಾಗಿ ಮೊದಲು ಒಳಗೆ ಹೋಗುತ್ತದೆ, ಏಕೆಂದರೆ ತನ್ನ ಜಾಗಕ್ಕೆ ಬಂದ ಹೊಸ ವಸ್ತುವನ್ನು ಅದು ಬಿಟ್ಟುಕೊಡಲ್ಲ. ಬಾಟಲಿಯನ್ನು ರಾತ್ರಿಯೆಲ್ಲ ಹಾಗೇ ಬಿಡಬೇಡಿ. ಹಿಡಿದ ಮೀನನ್ನು ಅಂಗಡಿಗೆ ವಾಪಸ್ ಕೊಡಿ. ಬಹುತೇಕ ಅಂಗಡಿಯವರು ತೆಗೆದುಕೊಳ್ಳುತ್ತಾರೆ.

ಇಷ್ಟು ಸಣ್ಣ ಮೀನು ಯಾಕೆ ಹೀಗೆ ಮಾಡುತ್ತದೆ? ಸಮುದ್ರದಲ್ಲಿ ಡ್ಯಾಮ್ಸೆಲ್‌ನ ಬದುಕು ನಿಂತಿರುವುದೇ ಒಂದು ತುಂಡು ಜಾಗದ ಮೇಲೆ. ಅಡಗುವ ಬಿಲ, ತಿನ್ನುವ ಪಾಚಿ, ಮೊಟ್ಟೆ ಇಡುವ ಕಲ್ಲು ಎಲ್ಲ ಅಲ್ಲೇ. ಗಂಡು ಮೊಟ್ಟೆ ಕಾಯುವಾಗ ತನಗಿಂತ ಹತ್ತು ಪಟ್ಟು ದೊಡ್ಡ ಮೀನನ್ನೂ ಅಟ್ಟುತ್ತದೆ. ಆದರೆ ಅಲ್ಲಿ ಸೋತ ಮೀನು ನಾಲ್ಕು ಮೀಟರ್ ಆಚೆ ಓಡಿದರೆ ಸಾಕು, ಜಗಳ ಮುಗಿಯಿತು. ನಿಮ್ಮ ಟ್ಯಾಂಕಿನ ಉದ್ದ ಎರಡು ಮೀಟರೂ ಇಲ್ಲ. ಸೋತದ್ದು ಓಡಿ ಗಾಜಿಗೆ ಬಡಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅಟ್ಟುವ ಮೀನಿನ ಕಣ್ಣಿಗೆ ಅದು ಮತ್ತೆ ಜಗಳಕ್ಕೆ ಬಂದ ಹಾಗೆ. ನಿಮ್ಮ ಐದು ಡ್ಯಾಮ್ಸೆಲ್‌ಗಳಲ್ಲಿ ಎರಡು ಸತ್ತಿದ್ದು ನೀರು ಹದವಾಗದೆ ಇರಬಹುದು, ಹೀಗೆ ಅಟ್ಟಿಸಿಕೊಂಡೂ ಇರಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀರು ಹದಕ್ಕೆ ತರಲು ಜೀವಂತ ಮೀನು ಬೇಕಾಗಿಯೇ ಇಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು, ಅಷ್ಟೇ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಲೆಕ್ಕ ಹಾಕಿದ ಅಮೋನಿಯಾವನ್ನೋ ಒಂದು ತುಂಡು ಸಿಗಡಿಯನ್ನೋ ಕೊಟ್ಟರೆ ನಾಲ್ಕರಿಂದ ಆರು ವಾರದಲ್ಲಿ ಅದು ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು. ಡ್ಯಾಮ್ಸೆಲ್ ಗಟ್ಟಿ ಮೀನು, ಆ ವಿಷದ ನೀರಲ್ಲೂ ಉಳಿಯುತ್ತದೆ ಅನ್ನುವುದು ನಿಜ. ಆದರೆ ಉಳಿದ ಮೇಲೆ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ. ನಿಮಗೆ ಈಗ ಆಗಿರುವುದು ಅದೇ.

ಹಾಗಾದರೆ ಅಂಗಡಿಯಲ್ಲಿ ಎಲ್ಲ ಒಟ್ಟಿಗೆ ಹೇಗೆ ಇರುತ್ತವೆ? ಈ ಪ್ರಶ್ನೆ ನನಗೆ ಬಹಳ ಜನ ಕೇಳಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ನೂರು ಜನ ಒತ್ತಿಕೊಂಡು ನಿಂತಿರುತ್ತಾರೆ. ಯಾರಿಗೂ ಆ ಜಾಗ ತನ್ನದು ಅನ್ನಿಸಲ್ಲ, ಹಾಗಾಗಿ ಜಗಳ ಕಡಿಮೆ. ಅಂಗಡಿಯ ತೊಟ್ಟಿಯೂ ಹಾಗೇ. ಅಡಗಲು ಕಲ್ಲಿಲ್ಲ, ಕಾಯಲು ಜಾಗವಿಲ್ಲ, ವಾರಕ್ಕೊಮ್ಮೆ ಪಕ್ಕದವರು ಬದಲಾಗುತ್ತಾರೆ. ಮೀನುಗಳು ದಣಿದಿರುತ್ತವೆ, ಬಹುತೇಕ ಮರಿಗಳು ಬೇರೆ. ಅದೇ ಮೀನು ನಿಮ್ಮ ಮನೆಗೆ ಬಂದು ಒಂದು ಬಿಲ ಹಿಡಿದು, ಹೊಟ್ಟೆ ತುಂಬ ತಿಂದು ಆರು ತಿಂಗಳಾದ ಮೇಲೆ ಅದರ ನಿಜವಾದ ಗುಣ ಗೊತ್ತಾಗುವುದು. ಅಂಗಡಿಯವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅವರು ಮೀನನ್ನು ನೋಡುವುದೇ ಹತ್ತು ದಿನ.

ಹಾಗಾಗಿ ಯಾವ ಜಾತಿಗೆ ಯಾವ ಜಾತಿ ಸರಿ ಅನ್ನುವ ಚಾರ್ಟ್ ಒಂದನ್ನೇ ನಂಬಿ ಮೀನು ಕೊಳ್ಳಬೇಡಿ. ನಾನು ನಾಲ್ಕು ವಿಷಯ ನೋಡುತ್ತೇನೆ. ಈ ಮೀನು ಪೂರ್ತಿ ಬೆಳೆದರೆ ಎಷ್ಟು ಉದ್ದ? ಅದರ ಬಾಯಿಗೆ ಯಾರು ಹಿಡಿಸುತ್ತಾರೆ? ಅದು ಏನು ತಿನ್ನುತ್ತದೆ? ಅದಕ್ಕಿಂತ ಮೊದಲು ಟ್ಯಾಂಕಿಗೆ ಬಂದವರು ಯಾರು? ಮೊದಲ ಮೂರನ್ನು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಸಾವು ಆಗಿರುವುದು ನಾಲ್ಕನೆಯದನ್ನು ಮರೆತಾಗ.

ಈಗ ನಿಮ್ಮ ಪಟ್ಟಿ.

ಎಂಪರರ್ ಏಂಜೆಲ್ ಮರಿಯನ್ನು ನೋಡಿ ಮರುಳಾಗದವರಿಲ್ಲ. ಕಡುನೀಲಿ ಮೈ, ಅದರ ಮೇಲೆ ಬಿಳಿ ಸುತ್ತುಗಳು, ನೀರಿಗೆ ಕಲ್ಲೆಸೆದಾಗ ಏಳುವ ಅಲೆಯ ಹಾಗೆ. ಬೆಳೆದ ಮೇಲೆ ಆ ಸುತ್ತುಗಳೆಲ್ಲ ಹೋಗಿ ಹಳದಿ, ನೀಲಿ ಅಡ್ಡಗೆರೆ ಬರುತ್ತವೆ. ಅದೂ ಚಂದವೇ. ಆದರೆ ಪೂರ್ತಿ ಬೆಳೆದ ಎಂಪರರ್ 40 ಸೆಂಟಿಮೀಟರ್ ಮುಟ್ಟುತ್ತದೆ. ನಿಮ್ಮ ಟ್ಯಾಂಕಿನ ಅಗಲ 60 ಸೆಂಟಿಮೀಟರ್. ಕಲ್ಲು ಇಟ್ಟ ಮೇಲೆ ಉಳಿಯುವ ದಾರಿಯಲ್ಲಿ ಅದು ಸರಿಯಾಗಿ ತಿರುಗಿಕೊಳ್ಳಲೂ ಆಗಲ್ಲ. ಟ್ಯಾಂಕ್ ಸಣ್ಣದಾದರೆ ಮೀನೂ ಸಣ್ಣದಾಗೇ ಉಳಿಯುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ತಪ್ಪು. ಬೆಳವಣಿಗೆ ಕುಂಠಿತವಾದ ಮೀನು ಸಣ್ಣದಾಗಿ ಆರೋಗ್ಯವಾಗಿ ಇರಲ್ಲ. ತಲೆಯ ಚರ್ಮ ಸವೆಯುತ್ತದೆ, ಬೇಗ ಸಾಯುತ್ತದೆ. ಎಂಪರರ್ ಬೇಡ. ಏಂಜೆಲ್ ಬೇಕೇ ಬೇಕು ಅಂದರೆ ಕೋರಲ್ ಬ್ಯೂಟಿ ಅಂತ ಕುಳ್ಳ ಏಂಜೆಲ್ ಸಿಗುತ್ತದೆ. ನೇರಳೆ, ಕಿತ್ತಳೆ ಬಣ್ಣ, ಹತ್ತು ಸೆಂಟಿಮೀಟರ್ ಅಷ್ಟೇ. ಒಂದೇ ಒಂದು ಹಾಕಿ.

ಲಯನ್‌ಫಿಶ್ ಜಗಳಗಂಟ ಅಲ್ಲ. ಯಾರ ಮೇಲೂ ಸುಮ್ಸುಮ್ನೆ ಹೋಗಲ್ಲ. ಆದರೆ ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ, ಮತ್ತು ಆ ಬಾಯಿ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಹಿಂದೆ ಒಂದು ಮನೆಯ ಟ್ಯಾಂಕ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಅಂಗೈ ಉದ್ದದ ಲಯನ್‌ಫಿಶ್ ಮತ್ತು ಎರಡು ಕ್ಲೌನ್ ಐದು ತಿಂಗಳು ಒಟ್ಟಿಗೆ ಇದ್ದವು. ಮನೆಯವರು ನಮ್ಮ ಮೀನು ಬೇರೆ ಥರ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಆರನೇ ತಿಂಗಳು ಒಂದು ಬೆಳಿಗ್ಗೆ ಹೋದಾಗ ಲಯನ್‌ಫಿಶ್ ಕಲ್ಲಿನ ಕೆಳಗೆ ರೆಕ್ಕೆ ಹರಡಿಕೊಂಡು ಅಲ್ಲಾಡದೆ ನಿಂತಿತ್ತು. ಬಾಯಿಂದ ಕಿತ್ತಳೆ ಬಣ್ಣದ ಬಾಲದ ತುದಿ ಹೊರಗಿತ್ತು. ಇನ್ನೂ ಮಿಸುಕುತ್ತಿತ್ತು. ಆ ಮನೆಯ ಹುಡುಗ ಶಾಲೆಗೆ ಹೊರಟು ನಿಂತಿದ್ದ, ಬ್ಯಾಗ್ ಹಾಕಿಕೊಂಡೇ ನೋಡುತ್ತಿದ್ದ. ಲಯನ್‌ಫಿಶ್‌ನ ಗುಣ ಆ ಐದು ತಿಂಗಳಲ್ಲೂ ಒಂದೇ ಇತ್ತು. ಬಾಯಿ ಮಾತ್ರ ಬೆಳೆದಿತ್ತು. ಪೂರ್ತಿ ಬೆಳೆದರೆ ಅದು 38 ಸೆಂಟಿಮೀಟರ್ ತನಕ ಆಗುತ್ತದೆ. ನಿಮ್ಮ ಮಗಳ ಕ್ಲೌನ್‌ಫಿಶ್ ಇರುವ ಟ್ಯಾಂಕಿನಲ್ಲಿ ಅದಕ್ಕೆ ಜಾಗ ಇಲ್ಲ.

ಜೊತೆಗೆ ಅದರ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ. ಮನೆಯಲ್ಲಿ ಮಗು ಇದೆ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಚುಚ್ಚಿದರೆ ಆ ಜಾಗವನ್ನು ಸುಡದಷ್ಟು ಬಿಸಿ, ಅಂದರೆ 45 ಡಿಗ್ರಿ ಒಳಗಿನ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು, ನೋವು ಆಗ ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ಮುಟ್ಟಿ ನೋಡಿ, ಏಕೆಂದರೆ ಚುಚ್ಚಿದ ಕೈಗೆ ಬಿಸಿ ಸರಿಯಾಗಿ ಗೊತ್ತಾಗಲ್ಲ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ ನೀರಿಗಾಗಿ ಕಾಯದೆ ತಕ್ಷಣ ಹೊರಡಿ.

ಮೂರಿಶ್ ಐಡಲ್ ಬಿಟ್ಟುಬಿಡಿ. ಸಮುದ್ರದಲ್ಲಿ ಅದು ಹೆಚ್ಚಾಗಿ ಸ್ಪಂಜು ಮೇಯುತ್ತದೆ. ಮನೆಯ ಟ್ಯಾಂಕಿನಲ್ಲಿ ಬಹುಪಾಲು ಐಡಲ್‌ಗಳು ಉಪವಾಸದಿಂದ ಸೊರಗುತ್ತವೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನಾನು ಯಾರಿಗೂ ಅದನ್ನು ತರಿಸಿಕೊಡಲ್ಲ.

ಮ್ಯಾಂಡರಿನ್‌ದು ಬೇರೆ ಕಥೆ. ಬೆರಳುದ್ದದ ಮೀನು, ಯಾರ ಗೊಡವೆಗೂ ಹೋಗಲ್ಲ. ದಿನವಿಡೀ ಕಲ್ಲಿನ ಮೇಲೆ ಕೋಪೆಪಾಡ್ ಅನ್ನುವ ಹುಳುವಿನಂಥ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ. ಒಂದು ವರ್ಷ ಹೋಗಲಿ. ರಾತ್ರಿ ದೀಪ ಆರಿಸಿ ಟಾರ್ಚ್ ಬಿಟ್ಟು ಗಾಜು ನೋಡಿ. ಧೂಳಿನ ಕಣದ ಹಾಗೆ ಬಿಳಿ ಚುಕ್ಕಿಗಳು ಕುಪ್ಪಳಿಸುವುದು ಎಲ್ಲೆಲ್ಲೂ ಕಂಡರೆ, ಆಗ ಒಂದು ಮ್ಯಾಂಡರಿನ್ ಬಗ್ಗೆ ಯೋಚಿಸಬಹುದು. ಅಂಗಡಿಯಲ್ಲಿ ನಿಮ್ಮ ಕಣ್ಣೆದುರು ಶೈತ್ಯೀಕರಿಸಿದ ಆಹಾರ ತಿಂದು ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನು ಟ್ಯಾಂಗ್‌ಗಳು. ಇವೆರಡಕ್ಕೂ ನಿಮ್ಮ ಟ್ಯಾಂಕಿನಲ್ಲಿ ಅವಕಾಶ ಇದೆ, ಆದರೆ ಅಂಚಿನಲ್ಲಿ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಇರುತ್ತದೆ. ಬೆಳೆದರೆ 30 ಸೆಂಟಿಮೀಟರ್. ದಿನವಿಡೀ ಈ ತುದಿಯಿಂದ ಆ ತುದಿಗೆ ಈಜುವ ಮೀನು, ಆರಡಿ ಉದ್ದ ಅದಕ್ಕೆ ಕನಿಷ್ಠ. ಯೆಲ್ಲೋ ಟ್ಯಾಂಗ್ 20 ಸೆಂಟಿಮೀಟರ್ ಆಗುತ್ತದೆ. ಟ್ಯಾಂಗ್‌ಗಳ ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಚೂಪು ಮುಳ್ಳು ಇರುತ್ತದೆ, ಬ್ಲೇಡಿನ ಹಾಗೆ. ಜಗಳದಲ್ಲಿ ಬಾಲ ಬೀಸಿದರೆ ಎದುರಿನ ಮೀನಿನ ಮೈ ಸೀಳುತ್ತದೆ. ಸರ್ಜನ್‌ಫಿಶ್ ಅಂತ ಹೆಸರು ಬಂದದ್ದು ಅದಕ್ಕೇ. ಅವು ಜಾಸ್ತಿ ಜಗಳ ಆಡುವುದು ತಮ್ಮದೇ ಆಕಾರದ, ತಮ್ಮದೇ ಆಹಾರದ ಮೀನಿನ ಜೊತೆ. ಯೆಲ್ಲೋ ಟ್ಯಾಂಗ್ ಇರುವ ಕಡೆ ಅದರ ಹತ್ತಿರದ ಸಂಬಂಧಿಯಾದ ಸೇಲ್‌ಫಿನ್ ಟ್ಯಾಂಗ್ ಬಿಟ್ಟರೆ ರಕ್ತ ಬರುವ ತನಕ ಹೋಗುತ್ತದೆ. ಬ್ಲೂ ಟ್ಯಾಂಗ್ ಆಕಾರದಲ್ಲಿ ಬೇರೆ, ಈಜುವ ರೀತಿ ಬೇರೆ. ಹಾಗಾಗಿ ಈ ಎರಡು ಬಹಳ ಕಡೆ ಒಟ್ಟಿಗೆ ಬಾಳುತ್ತವೆ, ಒಂದೇ ದಿನ ಬಿಟ್ಟರೆ. ಒಂದು ಮೊದಲು ಬಂದು ಇನ್ನೊಂದು ಆಮೇಲೆ ಬಂದರೆ ಮೊದಲನೆಯದು ಕಾಡುತ್ತದೆ.

ಆದರೂ ನಿಮಗೆ ನನ್ನ ಸಲಹೆ ಒಂದೇ ಟ್ಯಾಂಗ್. ಯಾಕೆ ಅಂತ ಲೆಕ್ಕ ಹೇಳುತ್ತೇನೆ.

ನಿಮ್ಮ ಟ್ಯಾಂಕಿನ ಅಳತೆಗೆ ಲೆಕ್ಕದಲ್ಲಿ 680 ಲೀಟರ್ ಬರುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನಿಜವಾದ ನೀರು ಸುಮಾರು 550 ಲೀಟರ್. ಇಷ್ಟು ಲೀಟರಿಗೆ ಇಷ್ಟು ಇಂಚು ಮೀನು ಎನ್ನುವ ಸೂತ್ರ ಸಿಹಿನೀರಿನ ಸಣ್ಣ ಮೀನಿಗೇ ಅಷ್ಟಕ್ಕಷ್ಟೆ, ಇಲ್ಲಿಗಂತೂ ನಡೆಯಲ್ಲ. ಮೀನು ಬರೀ ಉದ್ದಕ್ಕೆ ಬೆಳೆಯಲ್ಲ, ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಹತ್ತು ಸೆಂಟಿಮೀಟರಿನ ಟ್ಯಾಂಗ್ ಮೂವತ್ತು ಸೆಂಟಿಮೀಟರ್ ಆಯಿತು ಅಂದರೆ ಉದ್ದ ಮೂರು ಪಟ್ಟು, ಆದರೆ ತೂಕ ಸುಮಾರು 27 ಪಟ್ಟು. ತಿನ್ನುವುದು, ಗಲೀಜು ಮಾಡುವುದು, ಉಸಿರಾಡುವುದು ಎಲ್ಲ ಆ ತೂಕಕ್ಕೆ ತಕ್ಕಂತೆ ಏರುತ್ತಾ ಹೋಗುತ್ತವೆ. ಒಂದು ದೊಡ್ಡ ಟ್ಯಾಂಗ್ ಹತ್ತಾರು ಸಣ್ಣ ಮೀನಿನ ಭಾರ ಹೊರಿಸುತ್ತದೆ.

ಉಸಿರಾಟದ ವಿಷಯ ಬೆಂಗಳೂರಿನವರು ಗಮನಿಸಬೇಕು. 26 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಸಮುದ್ರದಷ್ಟು ಉಪ್ಪಿನ ನೀರು ಆರೂವರೆ ಚಿಲ್ಲರೆ. ಅದೂ ಮಂಗಳೂರಿನಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಹಾಗಾಗಿ ಇಲ್ಲಿ ಆರು ಮಿಲಿಗ್ರಾಂ ಆಸುಪಾಸಿಗೆ ನಿಲ್ಲುತ್ತದೆ. ನಿಮ್ಮ ಹಳೇ ಸಿಹಿನೀರಿನ ಟ್ಯಾಂಕ್ ನೆನಪಿನಲ್ಲಿ ಮೀನು ತುಂಬಿದರೆ, ಏಪ್ರಿಲ್ ತಿಂಗಳಲ್ಲಿ ಮೂರು ಗಂಟೆ ಕರೆಂಟ್ ಹೋದ ರಾತ್ರಿ ಗೊತ್ತಾಗುತ್ತದೆ. ಮೊದಲು ಸಾಯುವುದು ದೊಡ್ಡ ಮೀನು. ನೀರು ತಿರುಗಿಸುವ ಒಂದು ಪಂಪನ್ನಾದರೂ ಇನ್ವರ್ಟರ್‌ಗೆ ಹಾಕಿಸಿ. ಆಗದಿದ್ದರೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ಎರಡನ್ನೂ ಬೆರೆಸಬೇಡಿ.

ಒಂದು, ಮಗಳ ಕ್ಲೌನ್‌ಫಿಶ್ ನಡುವೆ ಇಟ್ಟುಕೊಂಡ ಶಾಂತ ಟ್ಯಾಂಕ್. ಕ್ಲೌನ್ ಒಂದು ಜೋಡಿ, ಒಂದು ದೊಡ್ಡದು ಒಂದು ಸಣ್ಣದು. ಇವು ಹುಟ್ಟುವಾಗ ಎಲ್ಲ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಸಣ್ಣದು ಗಂಡಾಗೇ ಉಳಿಯುತ್ತದೆ. ಅದಕ್ಕೇ ಮೂರನೆಯದು ತರಬೇಡಿ, ಆ ಮೂರನೆಯದರ ಗತಿ ಕಷ್ಟ. ಸಮುದ್ರದಲ್ಲಿ ಕ್ಲೌನ್ ಅಡಗುವ ಹೂವಿನಂಥ ಜೀವಿ ಆನಿಮೋನ್ ಬೇಕಿಲ್ಲ, ಸಾಕಿದ ಮರಿಗಳು ಅದಿಲ್ಲದೆ ಆರಾಮಾಗಿ ಇರುತ್ತವೆ. ಪೈಜಾಮಾ ಕಾರ್ಡಿನಲ್ ಐದು. ನಿಧಾನದ ಮೀನು, ಗುಂಪಾಗಿ ನಿಲ್ಲುತ್ತವೆ, ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ನೋಡುವ ಭಾಗ್ಯ ಸಿಕ್ಕರೆ ಮಗಳಿಗೆ ತೋರಿಸಿ. ಪಾಚಿ ಕೆರೆದು ತಿನ್ನಲು ಒಂದು ಲಾನ್‌ಮೋವರ್ ಬ್ಲೆನ್ನಿ. ಹಳದಿ ರಾಸ್ ಒಂದು. ಇದು ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ, ಎರಡಿಂಚು ಮರಳಾದರೂ ಇರಲಿ, ಮೊದಲ ದಿನ ಕಾಣದಿದ್ದರೆ ಗಾಬರಿಯಾಗಬೇಡಿ. ಇದು ಹಾರುತ್ತದೆ, ಆದ್ದರಿಂದ ಟ್ಯಾಂಕಿನ ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಒಂದು ಕೋರಲ್ ಬ್ಯೂಟಿ. ಕೊನೆಗೆ ಒಂದು ಬ್ಲೂ ಟ್ಯಾಂಗ್ ಅಥವಾ ಒಂದು ಯೆಲ್ಲೋ. ಎರಡು ವರ್ಷ ಎಲ್ಲ ಸರಿಯಿದ್ದು, ಗಲೀಜಿನಿಂದ ನೀರಿನಲ್ಲಿ ಕೂಡುವ ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ದಾಟದೆ ನಿಂತಿದ್ದರೆ ಫಾಕ್ಸ್‌ಫೇಸ್ ಅನ್ನುವ ಮೀನು ಒಂದು ಸೇರಿಸಬಹುದು. ಅದರ ಮುಳ್ಳಲ್ಲೂ ವಿಷ ಇದೆ, ಸ್ವಭಾವ ಮಾತ್ರ ಮೆದು. ಹೀಗೆ ಹನ್ನೆರಡು ಮೀನು. ಆರಡಿ ಟ್ಯಾಂಕಿಗೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ನಾಲ್ಕು ವರ್ಷ ಆದ ಮೇಲೆ ಅನ್ನಿಸಲ್ಲ.

ಈ ದಾರಿಯಲ್ಲೂ ಅಪಾಯ ಇಲ್ಲದಿಲ್ಲ. ಕ್ಲೌನ್ ಹೆಣ್ಣು ಮೊಟ್ಟೆ ಇಟ್ಟಾಗ ಅದೇ ಜೋರಾಗುತ್ತದೆ, ನಿಮ್ಮ ಕೈಯನ್ನೂ ಕಚ್ಚುತ್ತದೆ. ಕೋರಲ್ ಬ್ಯೂಟಿಗಳಲ್ಲಿ ಕೆಲವು ಮೊಂಡು. ಮೀನಿಗೂ ಒಂದೊಂದಕ್ಕೆ ಒಂದೊಂದು ಸ್ವಭಾವ.

ಎರಡನೇ ದಾರಿ ಬೇಟೆಗಾರರ ಟ್ಯಾಂಕ್. ಲಯನ್‌ಫಿಶ್ ಬಿಡಲು ಮನಸ್ಸೇ ಇಲ್ಲ ಅಂದರೆ ಕ್ಲೌನ್‌ಗಳನ್ನು ಬೇರೆ ಸಣ್ಣ ಟ್ಯಾಂಕಿಗೆ ಹಾಕಿ. ಇದರಲ್ಲಿ ಒಂದು ಲಯನ್‌ಫಿಶ್, ಒಂದು ಸ್ನೋಫ್ಲೇಕ್ ಈಲ್ (ಹಾವುಮೀನು), ದೊಡ್ಡದಾಗಿ ಬೆಳೆದ ಒಂದು ಫಾಕ್ಸ್‌ಫೇಸ್, ಅಷ್ಟೇ. ಸಿಗಡಿ, ಏಡಿ ಇಡುವ ಹಾಗಿಲ್ಲ. ಟ್ರಿಗರ್ ಮೀನು ಸೇರಿಸಬೇಡಿ. ಮಲ್ಪೆ, ಕಾರವಾರದ ಕಡೆ ಬೋಟಿನವರು ಕಾರ್ಗಿಲ್ ಮೀನು ಅನ್ನುತ್ತಾರಲ್ಲ, ಅದು ಇದೇ ಟ್ರಿಗರ್ ಕುಟುಂಬದ್ದು. ಅದರ ಹಲ್ಲು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಲಯನ್‌ಫಿಶ್‌ನ ಉದ್ದ ರೆಕ್ಕೆಗಳನ್ನು ಅದು ಕಿತ್ತು ತಿನ್ನುತ್ತದೆ. ಆಹಾರಕ್ಕೆ ಜೀವಂತ ಗಪ್ಪಿ, ಗೋಲ್ಡ್‌ಫಿಶ್ ಹಾಕುವ ರೂಢಿ ಇದೆ. ಅದನ್ನೇ ತಿಂದ ಲಯನ್‌ಫಿಶ್‌ಗಳಲ್ಲಿ ಲಿವರ್‌ಗೆ ಕೊಬ್ಬು ಸೇರುತ್ತದೆ. ಕಡ್ಡಿಗೆ ಸಿಕ್ಕಿಸಿದ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಸಮುದ್ರದ ಮೀನಿನ ತುಂಡು ಬದಲಿಸಿ ಬದಲಿಸಿ ಕೊಟ್ಟು ಅಭ್ಯಾಸ ಮಾಡಿಸಿ. ಮಗು ಇರುವ ಮನೆಗೆ, ಮೊದಲ ಉಪ್ಪುನೀರಿನ ಟ್ಯಾಂಕಿಗೆ, ನಾನಂತೂ ಈ ದಾರಿ ಹೇಳಲ್ಲ.

ಯಾವ ದಾರಿಯಾದರೂ ಬಿಡುವ ಕ್ರಮ ತಪ್ಪಬಾರದು. ಮೆದು ಮೀನು ಮೊದಲು, ಜೋರು ಮೀನು ಕೊನೆಗೆ. ಕಾರ್ಡಿನಲ್, ಕ್ಲೌನ್ ಮೊದಲು. ಒಂದು ತಿಂಗಳ ಮೇಲೆ ಬ್ಲೆನ್ನಿ, ರಾಸ್. ಮತ್ತೊಂದು ತಿಂಗಳ ಮೇಲೆ ಕೋರಲ್ ಬ್ಯೂಟಿ. ಆರೇಳು ತಿಂಗಳಾದ ಮೇಲೆ ಟ್ಯಾಂಗ್. ಹೊಸಬರು ಬರುವ ದಿನ ನಾಲ್ಕಾರು ಕಲ್ಲುಗಳ ಜಾಗ ಬದಲಿಸಿ. ಹಳೆಯ ಮೀನುಗಳಿಗೂ ಮನೆ ಹೊಸದಾಗುತ್ತದೆ. ಹೊಸ ಮೀನನ್ನು ನಾನು ಮೇಲೆ ಹೇಳಿದ ಬುಟ್ಟಿಯಲ್ಲಿ ಮೂರು ನಾಲ್ಕು ದಿನ ಇಟ್ಟು, ಹಳಬರು ಮೂಸಿ ನೋಡಿ ಸುಸ್ತಾದ ಮೇಲೆ, ದೀಪ ಆರಿಸಿ ಬಿಡಿ. ಟ್ಯಾಂಗ್‌ಗೆ ವಾರಕ್ಕೆ ನಾಲ್ಕೈದು ದಿನ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕ್ಲಿಪ್ಪಿಗೆ ಸಿಕ್ಕಿಸಿ ಕೊಡಿ, ಉಪ್ಪು ಮಸಾಲೆ ಹಾಕದ್ದು. ಹೊಟ್ಟೆ ತುಂಬಿದ ಟ್ಯಾಂಗ್ ಅರ್ಧ ಜಗಳ ಬಿಡುತ್ತದೆ.

ಮತ್ತೆ ಕ್ವಾರಂಟೈನ್. ಇದನ್ನು ಬಿಟ್ಟವರು ಒಂದಲ್ಲ ಒಂದು ದಿನ ಇಡೀ ಟ್ಯಾಂಕ್ ಕಳೆದುಕೊಂಡದ್ದನ್ನು ನೋಡಿದ್ದೇನೆ. ಬ್ಲೂ ಟ್ಯಾಂಗ್‌ಗೆ ಬಿಳಿಚುಕ್ಕಿ ರೋಗ ಬಹಳ ಬೇಗ ಬರುತ್ತದೆ. ಮೈಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಕಾಣುತ್ತದೆ. ನಾಲ್ಕೈದು ದಿನಕ್ಕೆ ಚುಕ್ಕಿ ಮಾಯ, ಮನೆಯವರಿಗೆ ಸಮಾಧಾನ. ಅಸಲಿಗೆ ಆ ಪರೋಪಜೀವಿ ಮೀನಿನ ಮೈ ಬಿಟ್ಟು ಮರಳಿಗೆ ಇಳಿದು ಗೂಡು ಕಟ್ಟಿರುತ್ತದೆ. ಅಲ್ಲಿಂದ ನೂರಾರು ಮರಿಗಳು ಹೊರಟು ಮತ್ತೆ ಎಲ್ಲ ಮೀನುಗಳನ್ನೂ ಹಿಡಿಯುತ್ತವೆ. ಬೆಳ್ಳುಳ್ಳಿ ರಸ ಹಚ್ಚಿದ ಆಹಾರ ಕೊಟ್ಟರೆ ಹೋಗುತ್ತದೆ, ಕ್ಲೀನರ್ ಸಿಗಡಿ ಹಾಕಿದರೆ ತಿಂದು ಮುಗಿಸುತ್ತದೆ ಅಂತೆಲ್ಲ ಹೇಳುತ್ತಾರೆ. ಎರಡೂ ಈ ರೋಗ ವಾಸಿ ಮಾಡಲ್ಲ. ತಾಮ್ರದ ಔಷಧ ವಾಸಿ ಮಾಡುತ್ತದೆ, ಆದರೆ ದೊಡ್ಡ ಟ್ಯಾಂಕಿಗೆ ಅದನ್ನು ಹಾಕಿದರೆ ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ, ಕಲ್ಲು ತಾಮ್ರ ಹೀರಿಕೊಳ್ಳುತ್ತದೆ. ರೋಗ ಒಮ್ಮೆ ಒಳಗೆ ಬಂದರೆ ಎಲ್ಲ ಮೀನು ಹೊರಗೆ ತೆಗೆದು ಟ್ಯಾಂಕನ್ನು 76 ದಿನ ಮೀನಿಲ್ಲದೆ ಓಡಿಸಬೇಕು ಅನ್ನುವುದು ನಾವು ಪಾಲಿಸುವ ಲೆಕ್ಕ. ಅದಕ್ಕಿಂತ ಸುಲಭ ಯಾವುದು? ನೂರು ಲೀಟರಿನ ಒಂದು ಸಾದಾ ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ಹೀಟರ್, ನಾಲ್ಕು ತುಂಡು ಪಿವಿಸಿ ಪೈಪ್. ಪ್ರತಿ ಹೊಸ ಮೀನಿಗೂ ಅಲ್ಲಿ ನಾಲ್ಕು ವಾರ.

ಮೀನು ಎಲ್ಲಿಂದ ಬಂದದ್ದು ಅಂತಲೂ ಕೇಳಿ. ಸಾಕಣೆಯಲ್ಲಿ ಹುಟ್ಟಿದ ಮರಿ ಕೊಟ್ಟ ಆಹಾರ ತಿನ್ನುತ್ತದೆ, ಗಾಜಿನ ಮನೆಗೆ ಒಗ್ಗಿರುತ್ತದೆ. ಕ್ಲೌನ್‌ಫಿಶ್ ಮರಿ ಮಾಡಿಸುವುದು ನಮ್ಮ ದೇಶದಲ್ಲೇ, ಮಂಡಪಂ ಮತ್ತು ವಿಳಿಂಜಂನ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರಗಳಲ್ಲಿ ರೂಢಿಯಾಗಿದೆ. ಯೆಲ್ಲೋ ಟ್ಯಾಂಗ್ ಅನ್ನು 2015ರಲ್ಲಿ ಹವಾಯಿಯಲ್ಲಿ, ಬ್ಲೂ ಟ್ಯಾಂಗ್ ಅನ್ನು 2016ರಲ್ಲಿ ಫ್ಲಾರಿಡಾದಲ್ಲಿ ಮೊದಲ ಬಾರಿಗೆ ಮೊಟ್ಟೆಯಿಂದ ಬೆಳೆಸಿದರು. ಸಾಕಿದ ಟ್ಯಾಂಗ್ ಇಲ್ಲಿ ಸಿಗುವುದು ಅಪರೂಪ, ಬೆಲೆಯೂ ಜಾಸ್ತಿ. ಸಿಕ್ಕರೆ ಕೊಳ್ಳಿ.

ಹವಳದ ಕಲ್ಲಿನ ವಿಷಯದಲ್ಲಿ ಎರಡು ಮಾತಿಲ್ಲ, ಬೇಡ. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸತ್ತ ಹವಳ ಅಂದರೂ ಕಾನೂನು ಬಿಡಲ್ಲ. ಕಾನೂನು ಹಾಗಿರಲಿ, ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ನಾನು ನೀರಿಗಿಳಿದು ನೋಡಿದ್ದೇನೆ. ನಮ್ಮ ಕರಾವಳಿಯಲ್ಲಿ ಹವಳ ಇರುವುದೇ ಅಂಥ ಕೆಲವೇ ಕಡೆ. ಅಲ್ಲಿಂದ ಒಂದು ಕಲ್ಲು ಕಿತ್ತರೆ ಅದನ್ನೇ ಮನೆ ಮಾಡಿಕೊಂಡ ಹತ್ತಾರು ಜೀವ ಬೀದಿಗೆ ಬೀಳುತ್ತವೆ. ಅಂಗಡಿಯಲ್ಲಿ ಸೆರಾಮಿಕ್, ಸಿಮೆಂಟಿನ ಕೃತಕ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾಗೆ, ಮೀನಿಗೆ ಅದೇ ಸಾಕು. ಪರಿಚಯದವರಿಗೂ ಇದನ್ನು ಹೇಳಿ.

ನೀವು ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಲು ಸಂಕೋಚ ಬೇಡ. ದುಡ್ಡು ಕೊಡಲ್ಲ ಅಂದರೆ ಲಯನ್‌ಫಿಶ್, ಎಂಪರರ್ ಬದಲು ಆ ಲೆಕ್ಕಕ್ಕೆ ಕ್ವಾರಂಟೈನ್ ಟ್ಯಾಂಕ್, ಸ್ಪಂಜ್ ಫಿಲ್ಟರ್, ಒಂದು ಬ್ಯಾಟರಿ ಏರ್ ಪಂಪ್ ತೆಗೆದುಕೊಳ್ಳಿ. ಡ್ಯಾಮ್ಸೆಲ್‌ಗಳು ಹೊರಗೆ ಹೋಗಿ, ಕ್ಲೌನ್‌ಗಳು ಬುಟ್ಟಿಯಿಂದ ಹೊರಬಂದು ನಡುನೀರಿನಲ್ಲಿ ಈಜುವುದನ್ನು ನೋಡಿದ ಮೇಲೆ ಕಾರ್ಡಿನಲ್‌ಗಳನ್ನು ಕ್ವಾರಂಟೈನ್‌ಗೆ ತನ್ನಿ.